ತಾರೀಖಿಲ್ಲದ ರಾಜೀನಾಮೆಗಳು

ನಮ್ಮ ಪಕ್ಷದಲ್ಲಿ ಟಿಕೆಟ್ ಬೇಕೆನ್ನುವವರು ಮೊದಲು ರಾಜೀನಾಮೆ ಬರೆದುಕೊಡಬೇಕು. ನಗಬೇಡಿ, ಇರುವುದೇ ಹಾಗೆ. 'ವೈಯಕ್ತಿಕ ಕಾರಣಗಳಿಂದ ನಗರಸಭೆಯ ಸದಸ್ಯತ್ವಕ್ಕೆ ರಾಜೀನಾಮೆ ನೀಡುತ್ತಿದ್ದೇನೆ' ಎಂದು ಪೂರ್ತಿ ಸ್ವಂತ ಕೈಯಲ್ಲಿ ಬರೆದು, ಸಹಿ ಮಾಡಿ, ತಾರೀಖಿನ ಜಾಗ ಮಾತ್ರ ಖಾಲಿ ಬಿಟ್ಟು ನನಗೆ ಒಪ್ಪಿಸುತ್ತಾರೆ. ನಾನು ಅದನ್ನು ಫೈಲಿಗೆ ಸೇರಿಸಿ, ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆ. ಗೆದ್ದವರು ಆಮೇಲೆ ಬಾಲ ಬಿಚ್ಚಿದರೆ ತಾರೀಖು ಹಾಕಿ ನಗರಸಭೆಗೆ ಕಳಿಸಿದರಾಯಿತು, ಕಥೆ ಮುಗಿಯಿತು. ಭ್ರಷ್ಟರನ್ನು ಹದ್ದುಬಸ್ತಿನಲ್ಲಿಡಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ ಎಂದು ಅಧ್ಯಕ್ಷರು ಕಾರ್ಯಕರ್ತರ ಸಭೆಯಲ್ಲೆಲ್ಲ ಎದೆಯುಬ್ಬಿಸಿ ಹೇಳುತ್ತಿದ್ದರು.

ತಾರೀಖು ಹಾಕುವ ಕೆಲಸ ನನ್ನದು. ಇಪ್ಪತ್ತೆರಡು ವರ್ಷಗಳಿಂದ ಈ ಕಚೇರಿ ನೋಡಿಕೊಂಡವಳು ನಾನು. ಆಫೀಸಕ್ಕ ಅಂದರೆ ಊರಿಗೆಲ್ಲ ಗೊತ್ತು. ಮೂರೇ ಕೋಣೆಯ ಕಚೇರಿ. ಮುಂದೆ ಪ್ಲಾಸ್ಟಿಕ್ ಕುರ್ಚಿಗಳು, ನಡುವೆ ನನ್ನ ಮೇಜು, ಹಿಂದೆ ಅಧ್ಯಕ್ಷರ ಕೋಣೆ. ಅಧ್ಯಕ್ಷರನ್ನು ನೋಡಬೇಕಾದವರು ನನ್ನನ್ನು ದಾಟಿಯೇ ಹೋಗಬೇಕು, ಮತ್ತು ನನ್ನನ್ನು ದಾಟುವುದು ಅಷ್ಟು ಸುಲಭವಲ್ಲ. ಮೂವರು ಅಧ್ಯಕ್ಷರು ಬಂದರು, ಇಬ್ಬರು ಹೋದರು. ನಾನು ಕೂತಲ್ಲಿಂದ ಅಲ್ಲಾಡಲಿಲ್ಲ.

ನನ್ನ ತಮ್ಮನನ್ನು ಪಕ್ಷಕ್ಕೆ ತಂದವಳೂ ನಾನೇ. ನನಗಿಂತ ಹನ್ನೊಂದು ವರ್ಷ ಚಿಕ್ಕವನು. ಅಪ್ಪ ಹೋದಾಗ ಅವನಿನ್ನೂ ಒಂದನೇ ಕ್ಲಾಸಿನಲ್ಲಿದ್ದ; ಅಮ್ಮ ಕೆಲಸಕ್ಕೆ ಹೋಗುತ್ತಿದ್ದಳು, ಅವನಿಗೆ ಅನ್ನ ಕಲಸಿ ತಿನ್ನಿಸಿ ಶಾಲೆಗೆ ಬಿಡುವುದು ನನ್ನ ಪಾಲಿಗೆ ಬಂದಿತ್ತು. ಈಗ ಅವನು ನಗರಸಭೆಯ ಆರೋಗ್ಯ ಸಮಿತಿಯ ಚೇರ್ಮನ್. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಅವನು ನಡೆದು ಬರುವಾಗ ಜನ ಎದ್ದು ನಿಂತರೆ ನನಗೆ ಒಳಗೊಳಗೇ ಹಿಗ್ಗು. ಸುಳ್ಳು ಯಾಕೆ ಹೇಳಲಿ?

ಅಂದು ಸೋಮವಾರ. ಮಧ್ಯಾಹ್ನ ನರ್ಸಮ್ಮ ಬಂದರು. ಮೂವತ್ತು ವರ್ಷ ನಗರಸಭೆ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿ ನಿವೃತ್ತರಾದವರು, ಹೋದ ಚುನಾವಣೆಯಲ್ಲಿ ನಮ್ಮ ಪಕ್ಷದಿಂದ ನಿಂತು ಗೆದ್ದಿದ್ದರು. ವೋಟು ಹಾಕಿದವರಲ್ಲಿ ಅರ್ಧ ಜನ ಅವರ ಕೈಯಲ್ಲೇ ಹುಟ್ಟಿದವರು, ಸೋಲುವುದಾದರೂ ಹೇಗೆ? ಗೆದ್ದ ಮೇಲೂ ದಿನಾ ಬೆಳಿಗ್ಗೆ ಹೆರಿಗೆ ವಾರ್ಡಿಗೆ ಒಂದು ಸುತ್ತು ಹೋಗಿಬರುತ್ತಿದ್ದರು. ಈಗ ಅವರ ಕೈಯಲ್ಲಿ ಒಂದು ನೋಟಿಸಿತ್ತು, ನಾನೇ ಟೈಪ್ ಮಾಡಿದ್ದು. ಪಕ್ಷದ ಶಿಸ್ತು ಉಲ್ಲಂಘಿಸಿದ್ದಕ್ಕಾಗಿ ಗುರುವಾರ ಹನ್ನೊಂದಕ್ಕೆ ವಿಚಾರಣೆ.

"ಅಕ್ಕ, ದೂರು ಕೊಟ್ಟವಳು ನಾನು. ವಿಚಾರಣೆ ನನ್ನ ಮೇಲೆ ಹೇಗೆ?"

"ಪಕ್ಷದ ವಿಷಯ ಹೊರಗೆ ಮಾತಾಡಿದ್ರಂತಲ್ಲ ನರ್ಸಮ್ಮ."

"ಈ ಔಷಧ ಬಳಸ್ಬೇಡಿ ಅಂತ ವಾರ್ಡಿನ ಸಿಸ್ಟರ್‌ಗಳಿಗೆ ಹೇಳ್ದೆ. ಅದಾ ಹೊರಗೆ ಮಾತಾಡೋದು?"

ಮೂರು ತಿಂಗಳ ಹಿಂದೆ ಅವರು ಅಧ್ಯಕ್ಷರಿಗೆ ಒಂದು ಲಕೋಟೆ ಕೊಟ್ಟಿದ್ದು ನನಗೆ ನೆನಪಿತ್ತು. ಅಂಟಿಸಿದ ಲಕೋಟೆ ನಾನು ಬಿಚ್ಚುವುದಿಲ್ಲ, ಒಳಗೇನಿತ್ತೋ ಗೊತ್ತಿರಲಿಲ್ಲ. "ಯಾವ ಔಷಧ?" ಎಂದೆ.

ನರ್ಸಮ್ಮ ಚೀಲದಿಂದ ಎರಡು ಬಾಟಲಿ ತೆಗೆದರು. ಗಾಯ ತೊಳೆಯುವ ಔಷಧ. ಎರಡಕ್ಕೂ ಒಂದೇ ಲೇಬಲ್ಲು, ಒಂದೇ ಬಣ್ಣದ ಮುಚ್ಚಳ. ನನ್ನ ಮೇಜಿನ ಮೇಲಿದ್ದ ಎರಡು ಲೋಟಗಳಲ್ಲಿ ನೀರು ತುಂಬಿಸಿ, ಒಂದೊಂದಕ್ಕೆ ಒಂದೊಂದು ಮುಚ್ಚಳ ಔಷಧ ಸುರಿದರು. ಎಡಗಡೆಯ ಲೋಟ ಕ್ಷಣದಲ್ಲಿ ಹಾಲಿನ ಹಾಗೆ ಬೆಳ್ಳಗಾಯಿತು. ಬಲಗಡೆಯದರಲ್ಲಿ ತಳ ಕಾಣುತ್ತಿತ್ತು. ಅಕ್ಕಿ ತೊಳೆದ ನೀರೂ ಅದಕ್ಕಿಂತ ದಪ್ಪಗಿರುತ್ತದೆ.

"ಎಡಗಡೆದು ಅಂಗಡೀಲಿ ಕೊಂಡಿದ್ದು. ಬಲಗಡೆದು ಆಸ್ಪತ್ರೆಗೆ ಬರ್ತಿರೋದು. ಇದರಲ್ಲಿ ಹೊಲಿಗೆ ತೊಳೆದು ಒಂಬತ್ತು ಜನ ಬಾಣಂತಿಯರಿಗೆ ಕೀವು ಕಟ್ಟಿದೆ ಅಕ್ಕ. ಇಬ್ಬರಿಗೆ ಬಿಚ್ಚಿ ಮತ್ತೆ ಹಾಕ್ಬೇಕಾಯ್ತು. ನಾನು ದೂರು ಕೊಟ್ಟಾಗ ನಾಲ್ಕೇ ಜನ ಇದ್ರು. ಪಕ್ಷ ನೋಡ್ಕೊಳ್ಳತ್ತೆ ಅಂತ ಕಾದೆ ನೋಡಿ, ಅದು ನನ್ನ ತಪ್ಪು."

"ಅದನ್ನ ಸಪ್ಲೈ ಮಾಡ್ತಿರೋ ಪುಣ್ಯಾತ್ಮ ಯಾರು?"

ಅವರು ನನ್ನ ಮುಖ ನೋಡಿದರು. ಆ ನೋಟದಲ್ಲಿ ಕನಿಕರವಿತ್ತು, ಅದೇ ನನಗೆ ಹೆಚ್ಚು ಚುಚ್ಚಿತು. "ನಿಮ್ಮ ತಮ್ಮನ ಭಾವಮೈದ. ಪರೀಕ್ಷೆ ಮಾಡಿಸಿದೆ, ಸರಿಯಾಗಿದೆ ಅಂತ ಸಹಿ ಹಾಕಿದ್ದು ನಿಮ್ಮ ತಮ್ಮ."

ಸುಳ್ಳು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ಆದರೆ ಲೋಟಗಳೆರಡೂ ಕಣ್ಣೆದುರಿಗೇ ಇದ್ದವು.

"ಗುರುವಾರ ನನ್ನ ರಾಜೀನಾಮೆಗೆ ತಾರೀಖು ಬೀಳತ್ತೆ, ಗೊತ್ತು ನಂಗೆ," ಎಂದರು ನರ್ಸಮ್ಮ. "ಸೀಟು ಹೋದ್ರೆ ಹೋಗ್ಲಿ. ಆದ್ರೆ ಆಮೇಲೆ ನನ್ನನ್ನ ಆ ವಾರ್ಡಿಗೆ ಕಾಲಿಡೋಕೂ ಬಿಡಲ್ಲ. ಹತ್ತನೆಯವಳು ಬಂದ್ರೆ ಕೇಳೋರ್ಯಾರು?"

ಬಾಟಲಿಗಳನ್ನು ಇಲ್ಲೇ ಬಿಟ್ಟು ಹೋಗಿ ಎಂದೆ.

ಮಾರನೆಯ ದಿನ ತಮ್ಮನೇ ಬಂದ. ಎಂದಿನಂತೆ ನನ್ನ ಮೇಜಿನ ಮೂಲೆಯ ಮೇಲೆ ಕೂತು ಕಾಲಾಡಿಸುತ್ತ, "ಅಕ್ಕ, ಟೀ ತರಿಸಲ್ವಾ?" ಎಂದ.

"ಆ ಔಷಧಕ್ಕೆ ನೀರು ಬೆರೆಸಿದ್ದಾನಾ ನಿನ್ನ ಭಾವಮೈದ?"

ಕಾಲಾಡಿಸುವುದು ನಿಂತಿತು. ಆಮೇಲೆ ನಕ್ಕ. "ಓಹೋ, ನರ್ಸಮ್ಮ ಬಂದು ಕಿವಿ ಊದಿ ಹೋದ್ರಾ?"

"ಕೇಳಿದ್ದಕ್ಕೆ ಉತ್ತರ ಹೇಳು."

"ನಂಗೇನು ಗೊತ್ತು ಅಕ್ಕ? ಅವನು ಕಾಗದ ತಂದ, ಮನೆಯವನು ಅಂತ ನಂಬಿ ಸಹಿ ಹಾಕಿದೆ. ಎಲ್ರೂ ಹಾಗೇ ಹಾಕೋದು."

"ಪರೀಕ್ಷೆಗೆ ಕಳಿಸ್ದೇನೇ ಪರೀಕ್ಷೆ ಆಗಿದೆ ಅಂತ ಸಹೀನಾ? ಸರಿ, ಆಗ ಗೊತ್ತಿರ್ಲಿಲ್ಲ ಅಂತಾನೇ ಇಟ್ಕೊಳ್ಳೋಣ. ಮೂರು ತಿಂಗಳ ಹಿಂದೆ ದೂರು ಬಂತಲ್ಲ, ಆಮೇಲೆ ಯಾಕೆ ನಿಲ್ಲಿಸ್ಲಿಲ್ಲ?"

ಅವನು ಕೈಗಡಿಯಾರ ನೋಡಿಕೊಂಡ, ಬಾಗಿಲು ನೋಡಿದ, ನನ್ನನ್ನು ಮಾತ್ರ ನೋಡಲಿಲ್ಲ. "ನಿಲ್ಲಿಸಿದ್ರೆ ತಪ್ಪು ಒಪ್ಕೊಂಡ ಹಾಗಾಗತ್ತೆ, ಬೇಡ ಅಂತ ಅಧ್ಯಕ್ಷರೇ ಅಂದ್ರು. ಪಕ್ಷದ ಮರ್ಯಾದೆ ಪ್ರಶ್ನೆ. ನೀನು ಗುರುವಾರ ಒಂದು ತಾರೀಖು ಹಾಕ್ಬಿಡು, ಎಲ್ಲ ತಣ್ಣಗಾಗತ್ತೆ. ನಿನ್ನ ತಮ್ಮ ಅಲ್ವಾ ನಾನು?"

"ಮೊದಲು ಮೇಜಿನ ಮೇಲಿಂದ ಇಳಿ," ಎಂದೆ. ಇಳಿದ. "ಈಗ ಹೊರಗೆ ನಡಿ." ನಾನು ಹಾಸ್ಯ ಮಾಡುತ್ತಿಲ್ಲ ಎಂದು ಗೊತ್ತಾಗಲು ಅವನಿಗೆ ತುಸು ಹೊತ್ತು ಹಿಡಿಯಿತು. ಟೀ ಕುಡಿಯದೆ ಹೋದ.

ಸಿಟ್ಟು ಬಂದರೆ ಕೆಲವರಿಗೆ ಅಳು ಬರುತ್ತದೆ. ನನಗೆ ಕೆಲಸ ಮಾಡುವ ಹುರುಪು ಬರುತ್ತದೆ. ಬುಧವಾರ ಇಡೀ ದಿನ ಬೀರು ತೆರೆದಿಟ್ಟು ಹಳೆಯ ರವಾನೆ ಪುಸ್ತಕಗಳನ್ನು ಹರಡಿಕೊಂಡು ಕೂತೆ. ಈ ಇಪ್ಪತ್ತೆರಡು ವರ್ಷದಲ್ಲಿ ನಾನು ತಾರೀಖು ಹಾಕಿ ನಗರಸಭೆಗೆ ಒಯ್ದುಕೊಟ್ಟ ರಾಜೀನಾಮೆಗಳು ಹನ್ನೊಂದು. ಒಬ್ಬ ರಸ್ತೆಯ ಡಾಂಬರು ಯಾಕೆ ಬೆರಳಿನಷ್ಟೂ ದಪ್ಪವಿಲ್ಲ ಎಂದು ಕೇಳಿದ್ದ. ಒಬ್ಬಳು ಬೀದಿದೀಪ ಎಲ್ಲಿ ಹೋಯಿತು ಎಂದು ಕೇಳಿದ್ದಳು. ಒಬ್ಬ ಮುದುಕ ಮೇಷ್ಟ್ರು, ಶಾಲೆಯ ಗೋಡೆ ಬಿರುಕು ಬಿಟ್ಟದ್ದನ್ನು ಫೋಟೋ ತೆಗೆಸಿ ಪಕ್ಷಕ್ಕೆ ಕೊಟ್ಟಿದ್ದರು. ಹನ್ನೊಂದರಲ್ಲಿ ದುಡ್ಡು ತಿಂದವನ ಹೆಸರು ಒಂದೂ ಇರಲಿಲ್ಲ. ತಿಂದವರ ವಿಚಾರಣೆಗೆಲ್ಲ ನಾವು ಉಪಸಮಿತಿ ಮಾಡಿ ಮರೆತುಬಿಡುತ್ತಿದ್ದೆವು. ಕೇಳಿದವರಿಗೆ ತಾರೀಖು ಹಾಕುತ್ತಿದ್ದೆವು.

ಇದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಒಂದೊಂದಾಗಿ ಬಂದಾಗ ಒಂದೊಂದು ಕಾರಣ ಹೇಳಿ ನನ್ನನ್ನು ನಾನೇ ಒಪ್ಪಿಸಿಕೊಂಡಿದ್ದೆ. ಹನ್ನೊಂದನ್ನೂ ಒಟ್ಟಿಗೆ ನೋಡಿದಾಗ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಬೇರೆಯವರನ್ನು ಬೈಯುವುದರಲ್ಲಿ ನನ್ನದು ಎತ್ತಿದ ಕೈ. ಅಂದು ನನ್ನನ್ನೇ ಮನಸಾರೆ ಬೈದುಕೊಂಡೆ.

ಆದರೆ ಬೈದುಕೊಳ್ಳುತ್ತಿರುವಾಗಲೇ ಒಂದು ವಿಷಯ ಹೊಳೆಯಿತು. ಸ್ವಂತ ಇಷ್ಟದಿಂದ ಬರೆದದ್ದು ಎಂದು ಕಾಣಲಿ ಅಂತ ಪ್ರತಿ ರಾಜೀನಾಮೆಯನ್ನೂ ಅವರವರ ಕೈಯಲ್ಲೇ ಬರೆಸುತ್ತಿದ್ದೆವು. ಹನ್ನೊಂದು ಜನ, ಹನ್ನೊಂದು ಬಗೆಯ ಕೈಬರಹ. ತಾರೀಖು ಮಾತ್ರ ಹನ್ನೊಂದರಲ್ಲೂ ನನ್ನದು: ಅದೇ ಬಲಕ್ಕೆ ವಾಲಿದ ಅಂಕಿಗಳು, ಎರಡಕ್ಕೆ ಅದೇ ಉದ್ದನೆಯ ಬಾಲ. ಅವರಾಗಿಯೇ ಬಿಟ್ಟದ್ದಲ್ಲ ಎನ್ನುವುದಕ್ಕೆ ಸಾಕ್ಷಿಯಾಗಿ ಕಾಗದಗಳೆಲ್ಲ ನಗರಸಭೆಯ ಕಡತದಲ್ಲಿ ಭದ್ರವಾಗಿವೆ. ಇಷ್ಟು ಬುದ್ಧಿವಂತರ ಪಕ್ಷದಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ, ನಾನೂ ಸೇರಿದಂತೆ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ನಗರಸಭೆಯ ಟಪಾಲು ಕಿಟಕಿಯ ಮುಂದೆ ನಿಂತಿದ್ದೆ. ಗುಮಾಸ್ತ ನನ್ನನ್ನು ನೋಡಿದ್ದೇ ಹಲ್ಲು ಕಿರಿದ. "ಬನ್ನಿ ಆಫೀಸಕ್ಕ. ಇವತ್ತು ಯಾರ ತಲೆ ಹಾರ್ತು?"

"ರಾಜೀನಾಮೆ ಅಲ್ಲಪ್ಪ, ದೂರು."

"ಯಾರ ಮೇಲೆ?"

"ಮೊದಲು ನನ್ನ ಮೇಲೆ. ಓದ್ಕೋ."

ಓದಿದ. ಕಿರಿದ ಹಲ್ಲು ಒಳಗೆ ಹೋಯಿತು. ಮೊದಲ ಹೆಸರು ನನ್ನದು, ಹನ್ನೊಂದು ಸುಳ್ಳು ತಾರೀಖು ಹಾಕಿದ್ದಕ್ಕೆ. ಎರಡನೆಯದು ಹಾಕಿಸಿದ ಅಧ್ಯಕ್ಷರದು. ಮೂರನೆಯದು ನೀರು ಬೆರೆತ ಔಷಧಕ್ಕೆ ಸಹಿ ಹಾಕಿದ ನನ್ನ ತಮ್ಮನದು. ಆ ಹೆಸರು ಬರೆಯುವಾಗ ಪೆನ್ನು ನಿಂತಿತ್ತು, ನಿಜ. ಆಮೇಲೆ ಬರೆದೆ. ಬಾಟಲಿ ಎರಡನ್ನೂ ಕಿಟಕಿಯಲ್ಲಿ ಒಳಗೆ ತಳ್ಳಿ, ಪರೀಕ್ಷೆಗೆ ಕಳಿಸಿ ಎಂದೆ. ಗುಮಾಸ್ತ ಬೆವರು ಒರೆಸಿಕೊಂಡು ದೂರಿನ ನನ್ನ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಒತ್ತಿಕೊಟ್ಟ. ಅದನ್ನು ಮಡಿಸಿ ಕೈಚೀಲದಲ್ಲಿಟ್ಟುಕೊಂಡು ಹನ್ನೊಂದಕ್ಕೆ ಸರಿಯಾಗಿ ಕಚೇರಿಯಲ್ಲಿದ್ದೆ. ತಡವಾಗಿ ಬರುವ ಅಭ್ಯಾಸ ನನಗಿಲ್ಲ.

ಶಿಸ್ತು ಸಮಿತಿಯಲ್ಲಿ ಮೂವರು: ಅಧ್ಯಕ್ಷರು, ಪಕ್ಷದ ವಕೀಲರು, ಮೂರನೆಯವನು ನನ್ನ ತಮ್ಮ. ಹೌದು, ಅವನೇ. ದೂರು ಇದ್ದದ್ದು ಅವನ ಮೇಲೆ, ಆದರೆ ವಿಚಾರಣೆ ನರ್ಸಮ್ಮನ ಮೇಲಾದ್ದರಿಂದ ಅವನು ತೀರ್ಪು ಕೊಡಲು ಏನೂ ಅಡ್ಡಿಯಿಲ್ಲವಂತೆ. ವಕೀಲರು ಅದಕ್ಕೆ ನಿಯಮ ಹುಡುಕಿಕೊಟ್ಟಿದ್ದರು. ನರ್ಸಮ್ಮ ಗೋಡೆ ಪಕ್ಕದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು.

ವಿಚಾರಣೆ ಒಂಬತ್ತು ನಿಮಿಷದಲ್ಲಿ ಮುಗಿಯಿತು. ಬಾಣಂತಿಯರ ಸುದ್ದಿ ಒಬ್ಬರೂ ಎತ್ತಲಿಲ್ಲ. "ಅಕ್ಕ, ನರ್ಸಮ್ಮನವರ ಕಾಗದ ತಗೊಂಬನ್ನಿ, ತಾರೀಖು ಹಾಕಿ," ಎಂದರು ಅಧ್ಯಕ್ಷರು, ಟೀ ಹೇಳುವಷ್ಟೇ ಸಲೀಸಾಗಿ.

ಇಡೀ ಫೈಲು ತಂದೆ. ನರ್ಸಮ್ಮನ ಕಾಗದ ತೆಗೆದು ಅವರ ಕೈಗೇ ಕೊಟ್ಟೆ. "ಇದು ನಿಮ್ದು, ಇಟ್ಕೊಳ್ಳಿ. ಹರೀತೀರೋ ಸುಡ್ತೀರೋ ನಿಮ್ಮಿಷ್ಟ."

"ಅಕ್ಕ!" ಎಂದ ನನ್ನ ತಮ್ಮ.

"ಸುಮ್ನಿರೋ," ಎಂದು ಮುದ್ರೆ ಬಿದ್ದ ದೂರಿನ ಪ್ರತಿಯನ್ನು ಮೇಜಿನ ಮೇಲಿಟ್ಟೆ. "ಬೆಳಿಗ್ಗೆ ಕೊಟ್ಟು ಬಂದಿದ್ದೀನಿ ಅಧ್ಯಕ್ಷರೇ. ಹನ್ನೊಂದು ತಾರೀಖೂ ನನ್ನ ಕೈಯವು ಅಂತ ಬರೆದುಕೊಟ್ಟಿದ್ದೀನಿ. ಔಷಧದ ಬಾಟ್ಲಿನೂ ಕೊಟ್ಟಿದ್ದೀನಿ."

ಅಧ್ಯಕ್ಷರು ಮೊದಲು ನಕ್ಕರು. ವಕೀಲರು ನಗಲಿಲ್ಲ, ಕಾಗದವನ್ನು ಎರಡು ಸಲ ಓದಿದರು. "ಸರ್, ಅಕ್ಷರ ತಾಳೆ ನೋಡಿದ್ರೆ ಅರ್ಧ ಗಂಟೇಲಿ ಸಾಬೀತಾಗತ್ತೆ."

"ಅಕ್ಕ, ಮೊದಲು ಜೈಲಿಗೆ ಹೋಗೋರು ನೀವೇ, ನೆನಪಿರ್ಲಿ," ಎಂದರು ಅಧ್ಯಕ್ಷರು. ಈಗ ಅವರ ಮುಖದಲ್ಲಿ ನಗುವಿರಲಿಲ್ಲ.

"ನೆನಪಿದೆ. ಅದಕ್ಕೇ ನನ್ನ ಹೆಸರನ್ನ ಮೊದಲು ಬರೆದಿದ್ದು."

ತಮ್ಮ ಕಾಗದ ಕಸಿದು ಓದಿದ. ಮೂರನೆಯ ಹೆಸರಿಗೆ ಬಂದಾಗ ಅದರ ಮೇಲೆ ಬೆರಳಿಟ್ಟ. ಮೇಲೆತ್ತಿ ನೋಡಿದ ಮುಖ ಚೇರ್ಮನ್ನರದ್ದಾಗಿರಲಿಲ್ಲ. ನಾನು ಅನ್ನ ಕಲಸಿ ತಿನ್ನಿಸುತ್ತಿದ್ದ ಹುಡುಗನದಾಗಿತ್ತು.

ಅಧ್ಯಕ್ಷರೂ ವಕೀಲರೂ ಮೂಲೆಗೆ ಹೋಗಿ ಪಿಸುಗುಟ್ಟಿದರು. ಎರಡೇ ನಿಮಿಷ. ತಿರುಗಿ ಬಂದಾಗ ಅಧ್ಯಕ್ಷರ ಮಾತಿಗೆ ಬೆಣ್ಣೆ ಮೆತ್ತಿಕೊಂಡಿತ್ತು.

"ನೀವು ಹೇಳೋದ್ರಲ್ಲಿ ಸತ್ಯ ಇದೆ ಅಕ್ಕ. ಭ್ರಷ್ಟಾಚಾರವನ್ನ ಪಕ್ಷ ಸಹಿಸಲ್ಲ. ಒಂದು ಕೆಲಸ ಮಾಡಿ. ನಿಮ್ಮ ತಮ್ಮನ ಕಾಗದವೂ ಅದೇ ಫೈಲಲ್ಲಿದೆಯಲ್ಲ? ಅದಕ್ಕೆ ಹೋದ ತಿಂಗಳ ಐದನೇ ತಾರೀಖು ಹಾಕಿ. ರಾಜೀನಾಮೆ ಆಗ್ಲೇ ನಮ್ಮ ಕೈ ಸೇರಿತ್ತು, ಕಳಿಸೋದು ತಡ ಆಯ್ತು ಅಂತೀವಿ. ಗೊತ್ತಾದ ತಕ್ಷಣ ಹೊರಗೆ ಹಾಕಿದ ಪಕ್ಷ ಅಂತ ಹೇಳಿಕೆ ಕೊಡೋಣ. ಆ ತಾರೀಖುಗಳ ಮಾತನ್ನ ನೀವು ವಾಪಸ್ ತಗೊಳ್ಳಿ, ನಿಮ್ಮ ಕೆಲಸಕ್ಕೆ ಏನೂ ತೊಂದ್ರೆ ಇಲ್ಲ."

ಹತ್ತು ನಿಮಿಷದ ಹಿಂದೆ ಇದೇ ಬಾಯಿ ಅವನನ್ನು 'ನಮ್ಮ ಚೇರ್ಮನ್ನರು' ಎಂದಿತ್ತು. ತಮ್ಮ ಅವರ ಮುಖ ನೋಡಿದ, ವಕೀಲರ ಮುಖ ನೋಡಿದ. ಇಬ್ಬರೂ ಕಿಟಕಿಯ ಕಡೆ ತಿರುಗಿದ್ದರು. ಕೊನೆಗೆ ನನ್ನನ್ನು ನೋಡಿದ. ಈಕೆ ಹೇಗೂ ದೂರು ಕೊಟ್ಟವಳು, ಇದನ್ನೂ ಮಾಡುತ್ತಾಳೆ ಎಂದು ಅವನು ಅಂದುಕೊಂಡದ್ದು ಅವನ ಕಣ್ಣಿನಲ್ಲೇ ಕಾಣುತ್ತಿತ್ತು.

"ಹಾಕಲ್ಲ," ಎಂದೆ.

"ಅಕ್ಕ, ನೀವೇ ಅವರ ಮೇಲೆ ದೂರು ಕೊಟ್ಟಿದ್ದೀರಿ!"

"ಕೊಟ್ಟಿದ್ದೀನಿ. ಅವನು ಸಹಿ ಹಾಕಿದಾಗ ನಿಮ್ಮೋನು. ನಿಲ್ಲಿಸ್ಬೇಡ ಅಂತ ನೀವು ಹೇಳಿದಾಗ್ಲೂ ನಿಮ್ಮೋನೇ. ಉತ್ತರ ಹೇಳೋವಾಗ್ಲೂ ನಿಮ್ಮೋನಾಗೇ ನಿಂತು ಹೇಳ್ತಾನೆ. ಅವನನ್ನ ತಳ್ಳಿ ನೀವು ಕೈ ತೊಳ್ಕೊಳ್ಳೋಕೆ ನಾನು ನೀರು ಹಾಕಲ್ಲ. ಸುಳ್ಳು ತಾರೀಖು ಹಾಕಿದ್ದು ಹನ್ನೊಂದಕ್ಕೇ ಸಾಕು."

ಫೈಲಿನಲ್ಲಿ ಉಳಿದ ಕಾಗದಗಳನ್ನು ಲಕೋಟೆಗೆ ತುಂಬಿದೆ, ಅವರವರಿಗೆ ನಾನೇ ಮುಟ್ಟಿಸುತ್ತೇನೆ ಎಂದೆ. ತಮ್ಮನದನ್ನು ಅವನ ಮುಂದಿಟ್ಟೆ. ನಾಳೆಯಿಂದ ಬರಬೇಡಿ ಎಂದರು ಅಧ್ಯಕ್ಷರು. ಬೀರುವಿನ ಬೀಗದ ಕೈಯನ್ನು ಅವರ ಟೀ ಕಪ್ಪಿನ ಪಕ್ಕದಲ್ಲಿಟ್ಟು, "ಕೆಳಗಿನ ಖಾನೆ ಸ್ವಲ್ಪ ಬಿಗಿ, ಎಳೆದು ತೆಗೀಬೇಕು," ಎಂದು ಹೇಳಿ ಹೊರಬಿದ್ದೆ. ಇಪ್ಪತ್ತೆರಡು ವರ್ಷದ ಕೆಲಸ ಬಿಟ್ಟು ಬರುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ ಅಂದುಕೊಂಡಿದ್ದೆ. ಹಸಿವಾಯಿತು, ಅಷ್ಟೆ.

ಮೆಟ್ಟಿಲ ಹತ್ತಿರ ತಮ್ಮ ಓಡಿಬಂದು ತಡೆದ. ಕಾಗದ ಅವನ ಕೈಯಲ್ಲಿತ್ತು, ಇನ್ನೊಂದು ಕೈಯಲ್ಲಿ ಪೆನ್ನು. "ನಾನೇ ತಾರೀಖು ಹಾಕ್ತೀನಿ ಅಕ್ಕ. ಇವತ್ತಿಂದೇ ಹಾಕ್ತೀನಿ, ಎಲ್ಲ ಬಿಟ್ಬಿಡ್ತೀನಿ. ಇನ್ನೇನು ಮಾಡ್ಲಿ ಹೇಳು."

ಪಾಪ ಅನ್ನಿಸಿತು. ಸಿಟ್ಟು ಇಳಿದಿರಲಿಲ್ಲ, ಆದರೂ ಪಾಪ ಅನ್ನಿಸಿತು. "ಅದು ಆಮೇಲೆ ನೋಡೋಣ," ಎಂದೆ. "ಒಂಬತ್ತು ಜನಕ್ಕೆ ಕೀವು ಕಟ್ಟಿದೆ, ಕೆಲವರು ಇನ್ನೂ ಅಲ್ಲೇ ಮಲಗಿದ್ದಾರೆ. ಒಂದು ಸಲನಾದ್ರೂ ಹೋಗಿ ನೋಡಿದ್ದೀಯಾ?"

"ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಇರೋದೊಂದೇ ಮುಖ, ಅದನ್ನೇ ಇಟ್ಕೊಂಡು ನಡಿ. ನಾನೂ ಬರ್ತೀನಿ."

ನರ್ಸಮ್ಮ ಮುಂದೆ, ನಾವಿಬ್ಬರು ಹಿಂದೆ. ಆಸ್ಪತ್ರೆ ಎರಡೇ ಬೀದಿ ದೂರ. ದಾರಿಯಲ್ಲಿ ಇಬ್ಬರು ಅವನಿಗೆ ನಮಸ್ಕಾರ ಹೇಳಿದರು, ಅವನು ಕಾಣದವನ ಹಾಗೆ ನಡೆದ. ಹೆರಿಗೆ ವಾರ್ಡಿನಲ್ಲಿ ಎರಡು ಸಾಲು ಕಬ್ಬಿಣದ ಮಂಚಗಳು, ಮಂಚಕ್ಕೊಂದು ತೊಟ್ಟಿಲು, ಕಿಟಕಿಗೆ ಕಟ್ಟಿದ ಹಗ್ಗದಲ್ಲಿ ಒಣಗುವ ಪುಟ್ಟ ಪುಟ್ಟ ಬಟ್ಟೆಗಳು. ಬಾಗಿಲಲ್ಲಿ ಅವನ ಕಾಲು ನಿಂತಿತು. ನಾನು ಬೆನ್ನಿಗೆ ಕೈಹಾಕಿ ಒಳಗೆ ದೂಡಿದೆ.

ಮೊದಲ ಮಂಚದಲ್ಲಿದ್ದವಳಿಗೆ ಇಪ್ಪತ್ತು ತುಂಬಿರಲಿಕ್ಕಿಲ್ಲ. ಹೊಲಿಗೆ ಬಿಚ್ಚಿ ಮತ್ತೆ ಹಾಕಿದವರಲ್ಲಿ ಒಬ್ಬಳು. ಕೂರಲಾರದೆ ಒಂದು ಮಗ್ಗುಲಾಗಿ ಮಲಗಿಕೊಂಡೇ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಬಿಳಿ ಅಂಗಿ ಕಂಡಿದ್ದೇ ಸೆರಗು ಸರಿಪಡಿಸಿಕೊಂಡು ಏಳಲು ಹೋಗಿ, ನೋವಿಗೆ ಹಲ್ಲು ಕಚ್ಚಿದಳು.

"ಏಳ್ಬೇಡ, ಏಳ್ಬೇಡ," ಎಂದ ತಮ್ಮ ಗಾಬರಿಯಿಂದ.

"ಡಾಕ್ಟರಾ ನೀವು? ನನ್ನನ್ನ ಯಾವಾಗ ಮನೆಗೆ ಕಳಿಸ್ತೀರಾ?"

ಅವನು ನನ್ನ ಕಡೆ ತಿರುಗಿದ. ಚಿಕ್ಕವನಿದ್ದಾಗ ಮೇಷ್ಟ್ರು ಏನಾದರೂ ಕೇಳಿದರೆ ನಾನು ಹಿಂದಿನಿಂದ ಹೇಳಿಕೊಡುತ್ತಿದ್ದೆ. ಇವತ್ತು ನಾನು ಬಾಯಿ ಬಿಡಲಿಲ್ಲ.

"ಡಾಕ್ಟರ್ ಅಲ್ಲಮ್ಮ," ಎಂದ. "ನಿನ್ನ ಹೊಲಿಗೆ ತೊಳೆದ್ರಲ್ಲ, ಆ ಔಷಧ. ಅದು ಸರಿಯಾಗಿದೆ ಅಂತ ಸಹಿ ಹಾಕಿದವನು ನಾನು."

ಆ ಹುಡುಗಿಗೆ ಏನೂ ಗೊತ್ತಿರಲಿಲ್ಲ. ಇಷ್ಟು ದೊಡ್ಡ ಮನುಷ್ಯ ತನ್ನ ಮಂಚದ ಪಕ್ಕ ಬಂದು ಯಾಕೆ ಇದನ್ನು ಹೇಳುತ್ತಿದ್ದಾನೆ ಎಂದು ಅವನ ಮುಖವನ್ನೇ ನೋಡಿದಳು.

"ಸರಿ ಇತ್ತಾ ಅಣ್ಣ?" ಎಂದು ಕೇಳಿದಳು.

"ಇರ್ಲಿಲ್ಲಮ್ಮ," ಎಂದ ನನ್ನ ತಮ್ಮ.